ಎಲೆ ತಿರುವಿ ನೋಡಿ

ಆದೋನಿ ಸೀಮೆಯಲ್ಲಿ ಹತ್ತಿ ದೊಡ್ಡ ಬೆಳೆ. ಈಗ ಬಿತ್ತುವುದು ಹೆಚ್ಚಾಗಿ ಬಿಟಿ ಬೀಜ. ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. "ಬಿಟಿ ಹಾಕೀವಿ, ಇನ್ನ ಹುಳದ ಭಯ ಇಲ್ಲ" ಅಂತ ಕೆಲವರು ಅಂತಾರೆ. ಅದು ನಿಜ ಅಲ್ಲ. ಬಿಟಿ ಬೀಜ ತಂದದ್ದು ಕಾಯಿಕೊರಕ ಹುಳಕ್ಕೆ. ರಸ ಹೀರುವ ಹುಳಗಳನ್ನು ಅದು ತಡೆಯೋದಿಲ್ಲ.

ಈ ಹುಳಗಳ ಬಾಯಿ ಸೂಜಿಯ ಹಾಗೆ. ಎಲೆಗೆ ಚುಚ್ಚಿ ರಸ ಕುಡಿಯುತ್ತವೆ. ಮರದ ಮೇಲೆ ಜೀರ್ ಎನ್ನುವ ಜೀರುಂಡೆಯೂ ಇದೇ ಬಳಗ. ಮಂಚದ ತಿಗಣೆಯೂ ಇದೇ ಬಳಗ. ತಿಗಣೆ ನಮ್ಮ ರಕ್ತ ಹೀರುತ್ತದೆ. ಇವು ಗಿಡದ ರಸ ಹೀರುತ್ತವೆ.

ಗುರುತು ಹಿಡಿಯುವುದು ಹೇಗೆ?

ಅಂಗಡಿಯಲ್ಲಿ ತೆಲುಗು ಹೆಸರು ಹೇಳುತ್ತಾರೆ. ಎರಡೂ ಹೆಸರು ಕಲಿಯೋಣ.

1. ಹೇನು (ಪೇನುಬಂಕ): ಎಳೆ ಎಲೆಯ ಅಡಿಗೆ ಗುಂಪಾಗಿ ಇರುತ್ತದೆ. ಎಲೆ ಮುಟ್ಟಿದರೆ ಬೆಲ್ಲದ ಪಾಕದಂತೆ ಜಿಗುಟು. ಆ ಸಿಹಿಗೆ ಇರುವೆ ಬರುತ್ತವೆ. ಆಮೇಲೆ ಎಲೆಗೆ ಕಪ್ಪು ಮಸಿ ಹಿಡಿಯುತ್ತದೆ.

2. ಹಸಿರು ಜಿಗಿಹುಳ (ಪಚ್ಚದೋಮ): ಮುಟ್ಟಿದರೆ ಅಡ್ಡಡ್ಡ ಓಡುತ್ತದೆ. ಎಲೆಯ ಅಂಚು ಮೊದಲು ಹಳದಿ, ಆಮೇಲೆ ಕೆಂಪು ಆಗುತ್ತದೆ. ಎಲೆ ಮುದುಡುತ್ತದೆ.

3. ಬಿಳಿನೊಣ (ತೆಲ್ಲದೋಮ): ಗಿಡ ಅಲುಗಿಸಿದರೆ ಸಣ್ಣ ಬಿಳಿ ನೊಣಗಳು ಎದ್ದು ಹಾರುತ್ತವೆ.

4. ಹಿಟ್ಟು ತಿಗಣೆ (ಪಿಂಡಿನಲ್ಲಿ): ಕಾಂಡದ ಮೇಲೆ ಜೋಳದ ಹಿಟ್ಟು ಉದುರಿದಂತೆ ಕಾಣುತ್ತದೆ.

ಎಲೆ ಕೆಂಪಾದ ಕೂಡಲೇ ಔಷಧಿಗೆ ಓಡಬೇಡಿ. ಎಲೆ ತಿರುವಿ ನೋಡಿ. ಅಡಿಯಲ್ಲಿ ಹುಳ ಇಲ್ಲವೆ? ಹಾಗಾದರೆ ಅದು ಮಣ್ಣಿನ ಸಾರದ ಕೊರತೆ ಇರಬಹುದು. ಅದಕ್ಕೆ ಹುಳದ ಔಷಧಿ ಹೊಡೆದರೆ ದುಡ್ಡು ದಂಡ.

ಹುಳ ಇದ್ದರೆ ಎಣಿಸಿ. ಹೊಲದಲ್ಲಿ ಅಲ್ಲಲ್ಲಿ 20 ಗಿಡ ನೋಡಿ. ಎಲೆಗೆ 2ಕ್ಕಿಂತ ಹೆಚ್ಚು ಜಿಗಿಹುಳ ಇದ್ದರೆ ಔಷಧಿಯ ಮಾತು. ಕಡಿಮೆ ಇದ್ದರೆ ಬೇಡ.

ಕೆಂಪು ಬೆನ್ನಿನ ಗುಲಗಂಜಿ ಹುಳ ಕಂಡರೆ ಕೊಲ್ಲಬೇಡಿ. ಅದೂ ಅದರ ಮರಿಯೂ ಹೇನು ತಿನ್ನುತ್ತವೆ. ಸುಮ್ಮನೆ ಔಷಧಿ ಹೊಡೆದರೆ ಈ ಗೆಳೆಯರೂ ಸಾಯುತ್ತಾರೆ. ಹೇನು ಮತ್ತೆ ಹೆಚ್ಚುತ್ತದೆ.

ಹುಳ ಇರುವ ಎಲೆಯನ್ನು ಕೃಷಿ ಇಲಾಖೆಯವರಿಗೆ ತೋರಿಸಿ. ಹುಳದ ಹೆಸರು, ಔಷಧಿಯ ಹೆಸರು, ಅಳತೆ ಚೀಟಿಯಲ್ಲಿ ನೀವೇ ಬರೆದುಕೊಳ್ಳಿ. ಅಂಗಡಿಯವರು ಬೇರೆ ಡಬ್ಬಿ ಕೊಟ್ಟರೆ, ಯಾಕೆ ಅಂತ ಕೇಳಿ. ಈಗ ನಿಮಗೆ ಓದು ಬರುತ್ತದೆ.

ಉತ್ತರ ಬರೆಯಿರಿ

1. ಬಿಟಿ ಹತ್ತಿಗೆ ಹೇನು ಬರುತ್ತದೆಯೆ?
2. ಅಡ್ಡಡ್ಡ ಓಡುವ ಹುಳ ಯಾವುದು?
3. ನಿಮ್ಮ ಹೊಲದಲ್ಲಿ 5 ಎಲೆ ತಿರುವಿ ನೋಡಿ. ಕಂಡ ಹುಳಗಳ ಹೆಸರು ಬರೆಯಿರಿ.