ಟ್ಯಾಕ್ಸಿ, ಕ್ಯಾಬ್ ಮತ್ತು ನಾನು ಹಾಕಿದ ತಪ್ಪು ಗುರುತು

ಬೋಧನಾಭ್ಯಾಸದ ವೇಳೆ ಚನ್ನಪಟ್ಟಣ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ‘ಸಮಾಂತರ ಶ್ರೇಢಿಗಳು’ ಘಟಕವನ್ನು ಬೋಧಿಸಿದೆ. ಪಠ್ಯದ ಅಭ್ಯಾಸದಲ್ಲಿ ಟ್ಯಾಕ್ಸಿ ಬಾಡಿಗೆಯ ಲೆಕ್ಕವೊಂದಿದೆ. ಮೊದಲ ಕಿಲೋಮೀಟರಿಗೆ 15 ರೂಪಾಯಿ, ನಂತರದ ಪ್ರತಿ ಕಿಲೋಮೀಟರಿಗೆ 8 ರೂಪಾಯಿ. ಉತ್ತರ 15, 23, 31, 39 ಎಂದು ಬೆಳೆಯಬೇಕು. ವಿದ್ಯಾರ್ಥಿನಿಯೊಬ್ಬಳು 15, 30, 45, 60 ಎಂದು ಬರೆದಿದ್ದಳು. ಪ್ರಶ್ನೆಯನ್ನು ಸರಿಯಾಗಿ ಓದಿಲ್ಲವೆಂದುಕೊಂಡು ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ.

ಮರುದಿನ ಅವಳೇ ಕೇಳಿದಳು: “ಮಿಸ್, ನಮ್ಮಪ್ಪ ಟ್ಯಾಕ್ಸಿ ಓಡಿಸ್ತಾರೆ. ಎಲ್ಲ ಕಿಲೋಮೀಟರಿಗೂ ಒಂದೇ ರೇಟು. ಮೊದಲು ಹದಿನೈದು, ಆಮೇಲೆ ಎಂಟು ಅಂದ್ರೆ ಗಿಟ್ಟುತ್ತಾ?”

ಅಂದಿನ ಪಾಠಯೋಜನೆಯನ್ನು ಬದಿಗಿಟ್ಟು, ಟ್ಯಾಕ್ಸಿ ಎಂದರೇನು, ಕ್ಯಾಬ್ ಎಂದರೇನು ಎಂದು ತರಗತಿಯನ್ನೇ ಕೇಳಿದೆ. ಮದುವೆಗೆ, ಧರ್ಮಸ್ಥಳಕ್ಕೆ ಮಾತಾಡಿಕೊಂಡು ಹೋಗುವ ಹಳದಿ ಬೋರ್ಡಿನ ಕಾರು ಟ್ಯಾಕ್ಸಿ. ಬಿಡದಿಯ ಕಂಪನಿ ಕೆಲಸಕ್ಕೆ ಅಣ್ಣನನ್ನು ಕರೆದೊಯ್ಯುವುದು, ಬೆಂಗಳೂರಿನಲ್ಲಿ ಮೊಬೈಲಿನಿಂದ ಕರೆಸುವುದು ಕ್ಯಾಬ್. ರಾಮನಗರ, ಕನಕಪುರ, ಮಾಗಡಿಯ ಶಾಲೆಗಳಲ್ಲಿದ್ದ ಸಹಪಾಠಿಗಳೂ ಇದೇ ಬಳಕೆಯನ್ನು ಹೇಳಿದರು. ಎರಡರಲ್ಲೂ ಮೀಟರ್ ಕಂಡವರು ತರಗತಿಯಲ್ಲಿ ಒಬ್ಬರೂ ಇರಲಿಲ್ಲ.

ತೊಡಕು ಇದ್ದದ್ದು ಅಲ್ಲೇ. ‘ಟ್ಯಾಕ್ಸಿ’ ಎಂಬುದು ಬಾಡಿಗೆ ಅಳೆಯುವ ‘ಟ್ಯಾಕ್ಸಿಮೀಟರ್’ನ ಮೊಟಕು ರೂಪ. ‘ಕ್ಯಾಬ್’ ಬಂದಿರುವುದು ‘ಕ್ಯಾಬ್ರಿಯೋಲೆ’ ಎಂಬ ಎರಡು ಗಾಲಿಯ ಕುದುರೆ ಗಾಡಿಯ ಹೆಸರಿನಿಂದ. ನಮ್ಮ ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಚಾಲಕರನ್ನು ಬಿಟ್ಟು ಆರು ಜನರವರೆಗೆ ಬಾಡಿಗೆಗೆ ಕರೆದೊಯ್ಯುವ ವಾಹನ ‘ಮೋಟಾರ್ ಕ್ಯಾಬ್’. ಹಾಗಾಗಿ ಅವಳ ಅಪ್ಪನ ಟ್ಯಾಕ್ಸಿಯೂ ಕಾಗದದಲ್ಲಿ ಕ್ಯಾಬೇ. ವ್ಯತ್ಯಾಸ ಇರುವುದು ವಾಹನದಲ್ಲಲ್ಲ, ಕರೆಸಿಕೊಳ್ಳುವ ರೀತಿಯಲ್ಲಿ, ದರ ಕಟ್ಟುವ ರೀತಿಯಲ್ಲಿ.

“ಬೆಂಗಳೂರಿನ ಆಟೋ ಮೀಟರ್ ನೆನಪಿಸಿಕೊಳ್ಳಿ. ಮೊದಲು ಕನಿಷ್ಠ ಬಾಡಿಗೆ, ಆಮೇಲೆ ಕಿಲೋಮೀಟರ್ ದರ” ಎಂದೆ. ಕೂಡಲೇ 15, 23, 31 ಬಂತು. 10 ಕಿಲೋಮೀಟರಿಗೆ ಮೀಟರಿನ ಲೆಕ್ಕದಲ್ಲಿ 15 + 9 × 8 = 87 ರೂಪಾಯಿ; ಅವಳ ಲೆಕ್ಕದಲ್ಲಿ 150. ಎರಡೂ ಸಮಾಂತರ ಶ್ರೇಢಿಗಳೇ. ಸಾಮಾನ್ಯ ವ್ಯತ್ಯಾಸ ಮಾತ್ರ ಒಂದರಲ್ಲಿ 8, ಇನ್ನೊಂದರಲ್ಲಿ 15. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದವಳು ಅವಳೇ.

ನನ್ನ ಪಾಠಯೋಜನೆಯ ‘ಪೂರ್ವಜ್ಞಾನ’ದ ಅಂಕಣದಲ್ಲಿ “ಮಕ್ಕಳಿಗೆ ಟ್ಯಾಕ್ಸಿ ಗೊತ್ತು” ಎಂದು ಬರೆದಿದ್ದೆ. ಗೊತ್ತಿತ್ತು, ಆದರೆ ಅದು ಪಠ್ಯದ ಟ್ಯಾಕ್ಸಿಯಾಗಿರಲಿಲ್ಲ. ಈಗ ಅನ್ವಯ ಲೆಕ್ಕ ಕೊಡುವ ಮೊದಲು ಅದರಲ್ಲಿನ ಒಂದೆರಡು ಪದಗಳನ್ನು ಮಕ್ಕಳ ಬಾಯಲ್ಲೇ ಕೇಳುತ್ತೇನೆ; ಐದು ನಿಮಿಷ ಸಾಕು. ಅವಳ ಪುಸ್ತಕದ ತಪ್ಪು ಗುರುತಿನ ಪಕ್ಕದಲ್ಲಿ “ನಿಮ್ಮ ಅಪ್ಪನ ಕಾರಿಗೆ ಈ ಲೆಕ್ಕ ಸರಿ” ಎಂದು ಬರೆದು ಸಹಿ ಹಾಕಿದೆ.