ಹಿಂಗಾರಿ ಜೋಳ: ನೆಲದಲ್ಲಿ ಕೂಡಿಟ್ಟ ಮಳೆಯೇ ಬೆಳೆ

ವಿಜಯಪುರ, ಬಾಗಲಕೋಟೆ ಮತ್ತು ಸುತ್ತಲಿನ ಎರೆ ಸೀಮೆ ಸಹ್ಯಾದ್ರಿಯ ಮಳೆ ನೆರಳಿನಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿದರೆ, ವಿಜಯಪುರಕ್ಕೆ ಬೀಳುವುದು ಸರಾಸರಿ ಸುಮಾರು 600 ಮಿ.ಮೀ. ಮಾತ್ರ. ಇದರಲ್ಲಿ ಸೆಪ್ಟೆಂಬರಿನ ಪಾಲೇ ದೊಡ್ಡದು. ಆದ್ದರಿಂದಲೇ ಈ ಭಾಗದ ಆಳವಾದ ಎರೆ ಭೂಮಿಯಲ್ಲಿ ಮುಂಗಾರಿನಲ್ಲಿ ಹೊಲವನ್ನು ಹದಗೊಳಿಸಿ, ಹಿಂಗಾರಿನಲ್ಲಿ ಬಿಳಿಜೋಳ ಬಿತ್ತುವ ಪದ್ಧತಿ ಬೆಳೆದುಬಂದಿದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಇಂಥ ವರ್ಷದಲ್ಲಿ ಜೋಳ ಹೋದರೆ ಮನೆಯ ರೊಟ್ಟಿಯ ಜೊತೆಗೆ ದನಗಳ ಕಣಿಕೆಯೂ ಹೋಗುತ್ತದೆ. ಮೇವಿಲ್ಲದೆ ಎತ್ತು ಮಾರಿದ ರೈತ ಮರುವರ್ಷ ಹದಕ್ಕೆ ಸರಿಯಾಗಿ ಬಿತ್ತಲಾರ. ಹೀಗೆ ಒಂದು ವರ್ಷದ ಬರ ಎರಡು ವರ್ಷ ಕಾಡುತ್ತದೆ.

ನೀರಿನ ಲೆಕ್ಕ

ಒಂದು ಎಕರೆ ಹೊಲದ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಒಂದು ಮೀಟರ್ ಆಳದ ಎರೆ ಮಣ್ಣು ಬೆಳೆಗೆ ದೊರೆಯುವ ರೂಪದಲ್ಲಿ 150ರಿಂದ 200 ಮಿ.ಮೀ. ತೇವವನ್ನು ಹಿಡಿದಿಡಬಲ್ಲದು. ಅಂದರೆ ಎಕರೆಗೆ ಆರರಿಂದ ಎಂಟು ಲಕ್ಷ ಲೀಟರ್! ಇಷ್ಟು ದೊಡ್ಡ ಕೆರೆ ಪ್ರತಿಯೊಬ್ಬ ರೈತನ ಹೊಲದ ಅಡಿಯಲ್ಲೇ ಇದೆ. ಅದನ್ನು ತುಂಬಿಸುವುದೇ ರೈತನ ಮೊದಲ ಕೆಲಸ.

ಆದರೆ ಎರೆ ಮಣ್ಣು ನೀರು ಕುಡಿದಂತೆ ಉಬ್ಬುತ್ತದೆ, ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ನೀರು ನಿಧಾನವಾಗಿ ಇಂಗುತ್ತದೆ. ರಭಸದ ಮಳೆಯ ನೀರು ಫಲವತ್ತಾದ ಮೇಲ್ಮಣ್ಣನ್ನು ಹೊತ್ತು ಹಳ್ಳ ಸೇರುತ್ತದೆ. ಈಚಿನ ವರ್ಷಗಳಲ್ಲಿ ಕೆಲವೇ ದಿನಗಳಲ್ಲಿ ಭಾರೀ ಮಳೆ ಸುರಿದು, ನಡುವೆ ದೀರ್ಘ ಒಣ ಅವಧಿ ಬರುವುದು ಹೆಚ್ಚಾಗಿರುವುದರಿಂದ ಈ ನಷ್ಟವೂ ಹೆಚ್ಚು.

ಚೌಕು ಮಡಿ

ಇಳಿಜಾರು ಕಡಿಮೆ ಇರುವ ಹೊಲಗಳಲ್ಲಿ ಜೂನ್-ಜುಲೈ ತಿಂಗಳಲ್ಲಿ ಕುಂಟೆ ಹೊಡೆದು, ಕಳೆ ತೆಗೆದು, 10 ಅಡಿಯಿಂದ 15 ಅಡಿ ಚೌಕದ ಮಡಿಗಳನ್ನು ಮಾಡಬೇಕು. ಇಳಿಜಾರು ಹೆಚ್ಚಿದ್ದಷ್ಟೂ ಮಡಿ ಚಿಕ್ಕದಿರಲಿ. ಪ್ರತಿ ಮಡಿಯೂ ತನ್ನ ಪಾಲಿನ ಮಳೆಯನ್ನು ತಾನೇ ಹಿಡಿದು ಇಂಗಿಸುತ್ತದೆ. ಹೆಚ್ಚಾದ ನೀರು ಹರಿದುಹೋಗಲು ದೊಡ್ಡ ಬದುಗಳಲ್ಲಿ ಕೋಡಿ ಇರಲೇಬೇಕು; ಇಲ್ಲದಿದ್ದರೆ ಬದುವೇ ಒಡೆಯುತ್ತದೆ. ಬಿತ್ತನೆಗೆ ಮುನ್ನ ಕುಂಟೆ ಹೊಡೆದು ಮಡಿಗಳನ್ನು ಸಮ ಮಾಡಬೇಕು. ಉಳುಮೆ, ಬಿತ್ತನೆ ಎರಡೂ ಇಳಿಜಾರಿಗೆ ಅಡ್ಡಲಾಗಿರಲಿ.

ಬಿತ್ತನೆ

ಉತ್ತರೆ ಮತ್ತು ಹಸ್ತ ಮಳೆಗಳು, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ, ಬಿತ್ತನೆಗೆ ಸೂಕ್ತ ಕಾಲ. ತೀರ ಬೇಗ ಬಿತ್ತಿದರೆ ಸುಳಿ ನೊಣದ ಕಾಟ. ತಡವಾದರೆ ತೆನೆ ಹಾಲು ತುಂಬುವ ಹೊತ್ತಿಗೆ ನೆಲದ ತೇವ ತೀರುತ್ತದೆ. ಕಾಳು ಜಳ್ಳಾಗುತ್ತದೆ, ಕಾಂಡ ಒಳಗೆ ಕಪ್ಪಾಗಿ ಕೊಳೆತು ಬೆಳೆ ನೆಲಕ್ಕೆ ಒರಗುತ್ತದೆ.

ಎಕರೆಗೆ 3 ಕಿ.ಗ್ರಾಂ. ಬೀಜ ಸಾಕು. ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ದ್ರಾವಣದಲ್ಲಿ ಬೀಜವನ್ನು ಎಂಟು ಗಂಟೆ ನೆನೆಸಿ, ನೆರಳಿನಲ್ಲಿ ಒಣಗಿಸಿ ಬಿತ್ತಿದರೆ ಸಸಿಗಳು ಬರವನ್ನು ಹೆಚ್ಚು ತಾಳಿಕೊಳ್ಳುತ್ತವೆ. ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಅಂತರವಿರಲಿ. ಅಕ್ಟೋಬರ್ ಮಧ್ಯ ದಾಟಿದರೂ ಹದ ಸಿಗದಿದ್ದರೆ ಜೋಳದ ಆಸೆ ಬಿಟ್ಟು ಕಡಲೆ ಅಥವಾ ಕುಸುಬೆ ಬಿತ್ತುವುದು ಲೇಸು.

ಮಳೆ ಕೈಕೊಟ್ಟಾಗ

ಬಿತ್ತಿದ ಮೂರು ವಾರಗಳ ನಂತರ ಎಡೆಕುಂಟೆ ಹೊಡೆಯಲು ಆರಂಭಿಸಬೇಕು. ಇದರಿಂದ ಕಳೆ ಸಾಯುವುದಲ್ಲದೆ ಬಿರುಕುಗಳು ಮುಚ್ಚುತ್ತವೆ. ಬಿರುಕು ಬಿಟ್ಟ ನೆಲ ಆಳದ ತೇವವನ್ನೂ ಗಾಳಿಗೆ ಬಿಟ್ಟುಕೊಡುತ್ತದೆ. ಮೇಲಿನ ಪುಡಿ ಮಣ್ಣು ಅದಕ್ಕೆ ಹೊದಿಕೆಯಾಗುತ್ತದೆ.

ಒಂದು ತಿಂಗಳ ಬೆಳೆಯಲ್ಲೇ ತೇವ ಕಡಿಮೆಯಾದರೆ ಪ್ರತಿ ಮೂರನೆಯ ಸಾಲನ್ನು ಕಿತ್ತು ಹಾಕಬೇಕು. ಕೈಯಾರೆ ಬೆಳೆಸಿದ ಪೈರನ್ನು ಕೀಳಲು ಮನಸ್ಸು ಒಪ್ಪದು. ಆದರೆ ಇರುವ ನೀರು ಮೂರು ಸಾಲಿಗೆ ಸಾಲದು. ಎರಡು ಸಾಲಿಗಾದರೆ ತೆನೆ ಕಟ್ಟಲು ಸಾಕಾಗಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬರಕ್ಕೆ ಬಾಡಿದ ಎಳೆಯ ಜೋಳದಲ್ಲಿ ಸಯನೈಡ್ ವಿಷಾಂಶವಿರುತ್ತದೆ. ಕಿತ್ತ ಪೈರನ್ನು ಹಸಿಯಾಗಿ ದನಗಳಿಗೆ ಹಾಕಬಾರದು. ಚೆನ್ನಾಗಿ ಒಣಗಿಸಿದ ಮೇಲೆಯೇ ಬೇರೆ ಮೇವಿನೊಡನೆ ಬೆರೆಸಿ ಕೊಡಬೇಕು. ಹಸಿದ ದನ ಬಾಡಿದ ಜೋಳದ ಹೊಲಕ್ಕೆ ನುಗ್ಗದಂತೆಯೂ ನೋಡಿಕೊಳ್ಳಬೇಕು.

ಕೃಷಿ ಹೊಂಡದಲ್ಲಿ ನೀರಿದ್ದು, ಒಂದೇ ಸಲ ಕೊಡಲು ಸಾಧ್ಯವಿದ್ದರೆ, ಬೆಳೆ ಹೊಡೆಗೆ ಬರುವ ಹಂತಕ್ಕೆ ಅದನ್ನು ಕಾಯ್ದಿಡುವುದು ಒಳ್ಳೆಯದು.

ಮೋಡ ತರುವುದು ರೈತನ ಕೈಯಲ್ಲಿಲ್ಲ. ಬಂದ ಮಳೆಯನ್ನು ಹೊಲದ ಬದು ದಾಟದಂತೆ ತಡೆಯುವುದು ಅವನ ಕೈಯಲ್ಲಿದೆ. ಆ ಕೆಲಸ ಸೆಪ್ಟೆಂಬರಿನಲ್ಲಲ್ಲ, ಜೂನ್ ತಿಂಗಳಲ್ಲೇ ಆರಂಭವಾಗಬೇಕು.