ಒಂದೇ ತೊಟ್ಟಿಯಲ್ಲಿ ಎರಡು ಜಾತಿಯ ನ್ಯೂಟುಗಳು



ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಗೆ ಉಭಯವಾಸಿಗಳ ಪಾಠ ನಡೆದಿತ್ತು. ಕಪ್ಪೆಯ ವಿಷಯವನ್ನು ಮುಗಿಸಿ, ಬಾಲವುಳ್ಳ ಉಭಯವಾಸಿಗಳೂ ಉಂಟು, ನ್ಯೂಟ್ ಎಂಬುದು ಅವುಗಳಲ್ಲೊಂದು ಎಂದು ಹೇಳಿದೊಡನೆ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತನು. ಅವನ ಅಣ್ಣನು ಜರ್ಮನಿಯಲ್ಲಿ ಓದುತ್ತಿರುವನು. ಅಣ್ಣನ ಕೋಣೆಯಲ್ಲಿರುವ ಗಾಜಿನ ತೊಟ್ಟಿಯಲ್ಲಿ ಜಪಾನಿನ ಕೆಂಪು ಹೊಟ್ಟೆಯ ನ್ಯೂಟುಗಳೆರಡು ಇವೆಯಂತೆ. ಅವುಗಳ ಜೊತೆಗೆ ಸ್ಪೇನ್ ದೇಶದ ನ್ಯೂಟೊಂದನ್ನು ತಂದು ಬಿಡಬೇಕೆಂದು ಆಸೆಯಂತೆ. “ಬಿಡಬಹುದೇ ಸರ್?” ಎಂದು ಕೇಳಿದನು. ಆ ದಿನ ನಾನು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. “ಓದಿ ಹೇಳುವೆನು, ಅಲ್ಲಿಯವರೆಗೆ ತರಬೇಡವೆಂದು ಅಣ್ಣನಿಗೆ ಬರೆ” ಎಂದೆನು. ಹಾಗೆ ಓದಿ ತಿಳಿದುದನ್ನೇ ಇಲ್ಲಿ ಬರೆದಿರುವೆನು.

ನಿಮ್ಮಲ್ಲಿ ಯಾರೂ ನ್ಯೂಟನ್ನು ಕಂಡಿರಲಾರಿರಿ. ನೋಟಕ್ಕೆ ಅದು ಹಲ್ಲಿಯಂತಿರುವುದು. ಆದರೆ ಹಲ್ಲಿಗಿರುವ ಹುರುಪೆಗಳು ಅದಕ್ಕಿಲ್ಲ, ತೇವವಾದ ಬರಿಯ ಚರ್ಮ. ನಮ್ಮ ಸಹ್ಯಾದ್ರಿಯಲ್ಲಿ ಕಪ್ಪೆಗಳು ಹೇರಳವಾಗಿವೆ, ಕಾಲಿಲ್ಲದೆ ಎರೆಹುಳದಂತೆ ಕಾಣುವ ಉಭಯವಾಸಿಗಳೂ ಉಂಟು. ಬಾಲವೂ ಕಾಲೂ ಉಳ್ಳ ಈ ಪ್ರಾಣಿ ಮಾತ್ರ ಇಲ್ಲ. ಭಾರತದಲ್ಲಿ ಅದನ್ನು ನೋಡಬೇಕಾದರೆ ಡಾರ್ಜಿಲಿಂಗಿನ ಬೆಟ್ಟಗಳಿಗೋ ಈಶಾನ್ಯದ ಗುಡ್ಡಗಾಡಿಗೋ ಹೋಗಬೇಕು. ಡಾರ್ಜಿಲಿಂಗಿನ ನ್ಯೂಟನ್ನು ಚೀನಾದ ಜಾತಿಯೇ ಎಂದು ಬಹುಕಾಲ ತಿಳಿದಿದ್ದರು. 2015ರಲ್ಲಿ ಅದು ಬೇರೆಯೇ ಜಾತಿಯೆಂದು ಗೊತ್ತಾಗಿ, ಅದಕ್ಕೆ ಹಿಮಾಲಯದ ಹೆಸರನ್ನೇ ಇಟ್ಟರು. 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಅದಕ್ಕಿದೆ.

ಈಗ ಪ್ರಶ್ನೆಗೆ ಬರೋಣ. ಬಿಡಬಾರದು ಎಂಬುದೇ ಉತ್ತರ. ಏಕೆಂದರೆ, ಮೊದಲನೆಯದಾಗಿ ಗಾತ್ರವನ್ನು ನೋಡಿರಿ. ಜಪಾನಿನ ನ್ಯೂಟು ಸುಮಾರು 10 ಸೆಂಟಿಮೀಟರು ಉದ್ದ. ಸ್ಪೇನಿನದು 30 ಸೆಂಟಿಮೀಟರಿನವರೆಗೂ ಬೆಳೆಯಬಲ್ಲುದು. ನ್ಯೂಟಿಗೆ ನೆಂಟರಿಷ್ಟರ ವಿಚಾರವಿಲ್ಲ. ಬಾಯಿಗೆ ಹಿಡಿಸಿದುದೆಲ್ಲವೂ ಆಹಾರವೇ. ಚಿಕ್ಕಂದಿನಲ್ಲಿ ನಾನು ಊರಿನ ಗದ್ದೆಯಿಂದ ದೊಡ್ಡ ಗೋಂಕರುಗಪ್ಪೆಯೊಂದನ್ನೂ ಸಣ್ಣ ಕಪ್ಪೆಗಳು ನಾಲ್ಕನ್ನೂ ಹಿಡಿದು ಒಂದೇ ಕೊಡದಲ್ಲಿಟ್ಟು ಮಲಗಿದ್ದೆನು. ಬೆಳಗಾಗುವಾಗ ಕೊಡದಲ್ಲಿ ಒಂದೇ ಕಪ್ಪೆ ಇದ್ದಿತು. ಯಾವುದೆಂದು ಹೇಳಬೇಕಾಗಿಲ್ಲ.

ಎರಡನೆಯದು ವಿಷ. ಜಪಾನಿನ ನ್ಯೂಟಿನ ಕೆಂಪು ಹೊಟ್ಟೆಯು ಶತ್ರುಗಳಿಗೆ ತೋರಿಸುವ ಎಚ್ಚರಿಕೆಯ ಬಾವುಟವಿದ್ದಂತೆ. ಅದರ ಮೈಯಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ವಿಷವೇ ಉಬ್ಬುವ ಮೀನಿನಲ್ಲಿಯೂ ಇರುವುದು. ಅಮೆರಿಕದ ಪಶ್ಚಿಮ ಕರಾವಳಿಯ ಒರಟು ಚರ್ಮದ ನ್ಯೂಟಿನಲ್ಲಿ ಇದು ಬಹಳ ಹೆಚ್ಚು. 1979ರಲ್ಲಿ ಆರಿಗನ್ ಸಂಸ್ಥಾನದ 29 ವರ್ಷದ ತರುಣನೊಬ್ಬನು ಅಂಥದೊಂದನ್ನು ನುಂಗಿ ಪ್ರಾಣವನ್ನೇ ಕಳೆದುಕೊಂಡನು. ಸ್ಪೇನಿನ ನ್ಯೂಟಿನ ಉಪಾಯವು ಇನ್ನೂ ವಿಚಿತ್ರ: ಶತ್ರು ಹಿಡಿದಾಗ ತನ್ನ ಪಕ್ಕೆಲುಬುಗಳ ತುದಿಯನ್ನೇ ಚರ್ಮದಿಂದ ಹೊರಕ್ಕೆ ಚಾಚಿ ಮುಳ್ಳಿನಂತೆ ಚುಚ್ಚುವುದು! ತನ್ನ ವಿಷವು ತನಗೆ ತಾಗದಂತೆ ಪ್ರತಿಯೊಂದು ಜಾತಿಯ ದೇಹವೂ ಹೊಂದಿಕೊಂಡಿದೆ. ಇನ್ನೊಂದರ ವಿಷಕ್ಕೆ ಹಾಗಲ್ಲ. ಕೆರೆಯಲ್ಲಾದರೆ ಓಡಿಹೋಗಲು ಎಡೆಯುಂಟು, ಗಾಜಿನ ತೊಟ್ಟಿಯಲ್ಲಿ ಇಲ್ಲ.

ಇವೆಲ್ಲಕ್ಕಿಂತ ದೊಡ್ಡದು ರೋಗದ ಭಯ. ನ್ಯೂಟು ಚರ್ಮದ ಮೂಲಕವೂ ಉಸಿರಾಡುವುದು, ಚರ್ಮದ ಮೂಲಕವೇ ನೀರನ್ನು ಹೀರುವುದು. ಆದುದರಿಂದ ಚರ್ಮ ಕೆಟ್ಟರೆ ಅದಕ್ಕೆ ಬದುಕಿಲ್ಲ. ನೆದರ್ಲೆಂಡ್ಸ್ ದೇಶದ ದಕ್ಷಿಣದಲ್ಲಿ ಬುಂಡರ್ಬೋಸ್ ಎಂಬ ಕಾಡುಂಟು. ಅಲ್ಲಿ ಹಳದಿ ಮಚ್ಚೆಗಳ ಕಪ್ಪು ಸಾಲಮಾಂಡರುಗಳು, ಅಂದರೆ ನ್ಯೂಟಿನ ದಾಯಾದಿಗಳು, ವಾಸವಾಗಿದ್ದುವು. 2010ರಿಂದ ಅವು ಕಾರಣ ತಿಳಿಯದೆ ಸಾಯತೊಡಗಿದುವು. ಕೆಲವೇ ವರ್ಷಗಳಲ್ಲಿ ನೂರಕ್ಕೆ ನಾಲ್ಕರಷ್ಟು ಮಾತ್ರ ಉಳಿದುವು. 2013ರಲ್ಲಿ ಬೆಲ್ಜಿಯಮ್ ಮತ್ತು ನೆದರ್ಲೆಂಡ್ಸಿನ ವಿಜ್ಞಾನಿಗಳು ಕಾರಣವನ್ನು ಕಂಡುಹಿಡಿದರು: ಚರ್ಮವನ್ನು ತಿಂದು ಹುಣ್ಣು ಮಾಡುವ ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ. ಸಾಲಮಾಂಡರುಗಳನ್ನು ತಿನ್ನುವುದು ಎಂಬ ಅರ್ಥದ ಹೆಸರನ್ನೇ ಅದಕ್ಕೆ ಕೊಟ್ಟರು. ಮುಂದೆ ಅದು ಬೆಲ್ಜಿಯಮ್ಮಿನಲ್ಲಿಯೂ ಜರ್ಮನಿಯಲ್ಲಿಯೂ ಕಾಣಿಸಿತು.

ಅದು ಬಂದುದಾದರೂ ಎಲ್ಲಿಂದ? 2014ರಲ್ಲಿ ಉತ್ತರ ದೊರೆಯಿತು. ಏಷ್ಯಾಖಂಡದ ಕೆಲವು ನ್ಯೂಟುಗಳ ಚರ್ಮದಲ್ಲಿ ಈ ಶಿಲೀಂಧ್ರವು ಬಹುಕಾಲದಿಂದ ಮನೆಮಾಡಿಕೊಂಡಿದೆ. ವಸ್ತುಸಂಗ್ರಹಾಲಯದಲ್ಲಿಟ್ಟಿದ್ದ ನೂರೈವತ್ತು ವರ್ಷಕ್ಕೂ ಹಳೆಯ ನ್ಯೂಟಿನಲ್ಲಿಯೂ ಅದರ ಗುರುತು ಸಿಕ್ಕಿತು. ಅವು ಅದನ್ನು ಹೊತ್ತುಕೊಂಡೂ ಬದುಕಬಲ್ಲುವು. ಸಾಕುವುದಕ್ಕಾಗಿ ಹಡಗು ವಿಮಾನಗಳಲ್ಲಿ ಅವನ್ನು ಯುರೋಪಿಗೆ ಸಾಗಿಸಿದಾಗ ಶಿಲೀಂಧ್ರವೂ ಜೊತೆಗೆ ಹೋಯಿತೆಂದು ವಿಜ್ಞಾನಿಗಳ ಅಭಿಪ್ರಾಯ. ಹೀಗೆ ಹೊರಬಲ್ಲ ಜಾತಿಗಳಲ್ಲಿ ನಮ್ಮ ಹುಡುಗನ ಅಣ್ಣನ ಬಳಿಯಿರುವ ಜಪಾನಿನ ಕೆಂಪು ಹೊಟ್ಟೆಯದೂ ಒಂದು! ಸ್ಪೇನಿನ ನ್ಯೂಟಾದರೋ ಇದಕ್ಕೆ ಬಲಿಯಾಗುವ ಜಾತಿ. ನೋಡಲು ಆರೋಗ್ಯವಾಗಿರುವ ಪ್ರಾಣಿಯೇ ಪಕ್ಕದ ಪ್ರಾಣಿಗೆ ಮೃತ್ಯುವಾಗಬಹುದು. ಈ ಭಯದಿಂದಲೇ ಅಮೆರಿಕವು 2016ರಲ್ಲಿ 201 ಜಾತಿಯ ಸಾಲಮಾಂಡರು ನ್ಯೂಟುಗಳನ್ನು ಹೊರಗಿನಿಂದ ತರಿಸದಂತೆ ತಡೆಯಿತು.

ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು ಒಳ್ಳೆಯ ಆಕ್ಷೇಪವನ್ನು ತಂದಳು: “ಇಂಗ್ಲೆಂಡಿನ ಒಂದೇ ಕೊಳದಲ್ಲಿ ಮೂರು ಜಾತಿಯ ನ್ಯೂಟುಗಳು ಇರುತ್ತವೆಂದು ಓದಿದ್ದೇನೆ ಸರ್, ಅವು ಸಾಯುವುದಿಲ್ಲವೇಕೆ?” ನಿಜ, ಅಲ್ಲಿ ಮೂರೂ ಒಟ್ಟಿಗಿರುವುದುಂಟು. ಆದರೆ ಅವು ಸಾವಿರಾರು ವರ್ಷ ಒಂದೇ ನಾಡಿನಲ್ಲಿ ಬೆಳೆದು ಪರಸ್ಪರರ ರೋಗಾಣುಗಳಿಗೆ ಒಗ್ಗಿದವು. ಕೊಳದಲ್ಲಿ ಗಿಡಗಂಟಿಗಳ ಮರೆಯುಂಟು, ವರ್ಷದ ಬಹುಭಾಗವನ್ನು ಅವು ದಡದ ಮೇಲೆ ಬೇರೆಬೇರೆಯಾಗಿ ಕಳೆಯುವುವು. ಇಷ್ಟಾದರೂ ಅಲ್ಲಿನ ದೊಡ್ಡ ಜಾತಿಯು ಚಿಕ್ಕವುಗಳ ಮರಿಗಳನ್ನು ತಿನ್ನದೆ ಬಿಡುವುದಿಲ್ಲ.

ಇನ್ನು ಉಷ್ಣತೆಯ ಮಾತು. ಹೆಚ್ಚಿನ ನ್ಯೂಟುಗಳು 20 ಡಿಗ್ರಿಗಿಂತ ತಂಪಾದ ನೀರನ್ನು ಬಯಸುವುವು. ಎಷ್ಟು ತಂಪು ಎಂಬುದು ಜಾತಿಯಿಂದ ಜಾತಿಗೆ ಬೇರೆ. ವೈಶಾಖದ ಮುಂಬಯಿಯಲ್ಲಿ ನಮ್ಮ ನಲ್ಲಿಯ ನೀರು ಎಷ್ಟು ಬಿಸಿಯೆಂಬುದು ನಿಮಗೆ ಗೊತ್ತೇ ಇದೆ. ಆದಕಾರಣ ಇಲ್ಲಿ ಯಾರೂ ಅದನ್ನು ಸಾಕುವ ಯೋಚನೆಯನ್ನೇ ಮಾಡಬೇಡಿರಿ.

ಹುಡುಗನು ಇದನ್ನೆಲ್ಲ ಅಣ್ಣನಿಗೆ ಬರೆದನು. ಸ್ಪೇನಿನ ನ್ಯೂಟಿನ ಆಸೆಯನ್ನು ಅಣ್ಣನು ಬಿಡಲಿಲ್ಲವಂತೆ. ಆದರೆ ಅದಕ್ಕೆ ಬೇರೆ ತೊಟ್ಟಿ, ಬೇರೆ ಬಲೆ, ನೀರು ತುಂಬಲು ಬೇರೆ ಬಕೆಟು ಇಟ್ಟಿರುವನಂತೆ. ಒಂದನ್ನು ಮುಟ್ಟಿ ಕೈತೊಳೆಯದೆ ಇನ್ನೊಂದನ್ನು ಮುಟ್ಟುವುದಿಲ್ಲವೆಂದೂ, ತೊಟ್ಟಿಯ ಹಳೆಯ ನೀರನ್ನು ಹಳ್ಳಕೊಳ್ಳಗಳಿಗೆ ಚೆಲ್ಲುವುದಿಲ್ಲವೆಂದೂ ಬರೆದಿರುವನು.